ಹೋಲ್ಟರ್ ಕಟ್ಟಿಕೊಂಡು ಜೋಕಾಲಿ

ಧಾರವಾಡ, ಆಗಸ್ಟ್ 8, 2024, ಗುರುವಾರ

ಇವತ್ತು ನಾಗರ ಚೌತಿ. ಹುತ್ತಕ್ಕೆ ಹಾಲೆರೆಯೋ ದಿನವೇ ಮಗಳ ಎದೆಗೆ ಹೋಲ್ಟರ್, ಅಂದರೆ ಎದೆಬಡಿತ ದಾಖಲಿಸುವ ಪುಟ್ಟ ಯಂತ್ರ, ಹಚ್ಚಿಸಿಕೊಂಡು ಬಂದೆ. 24 ತಾಸು ಇರಬೇಕು, ನೀರು ತಾಗಬಾರದು. ಅದಕ್ಕೇ ನಸುಕಿನಲ್ಲೇ ತಲೆಗೆ ಎರೆದು, ಚಿಗರಿ ಬಸ್ಸು ಹತ್ತಿಸಿ ಹುಬ್ಬಳ್ಳಿಗೆ ಕರಕೊಂಡು ಹೋಗಿದ್ದೆ. "ನಾಳೆ ಪಂಚಮಿ, ಮೈ ತೊಳಕೊಳ್ಳದ ಹ್ಯಾಂಗ ಉಣ್ಣೂದು?" ಅಂತ ಅತ್ತೆಯವರು ರಾಗ ತೆಗೆದರು. "ಬಿಚ್ಚಿಸ್ಕೊಂಡ ಬಂದ ಮ್ಯಾಲೆ ಎರಿತೀನ್ರೀ" ಅಂದೆ.

2010ರಲ್ಲಿ ಇವಳು ಮೂರು ತಿಂಗಳ ಕೂಸು. ಹಾಲು ಕುಡಿಯುವಾಗ ಹಣೆ ಬೆವರಿ ತೊಯ್ದು, ಅರ್ಧಕ್ಕೇ ಬಿಟ್ಟು ಚೀರುತ್ತಿತ್ತು. ಹೊಟ್ಟೆನೋವು ಅಂತ ಬಜೆ ತೇಯ್ದು ನೆಕ್ಕಿಸಿದೆವು. ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ತಿಳಿಯಿತು, ಹೃದಯಕ್ಕೇ ರಕ್ತ ಕೊಡುವ ಎಡ ಕೊರೊನರಿ ನಾಳ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿ ಬಿಟ್ಟು ಶ್ವಾಸಕೋಶಕ್ಕೆ ಹೋಗುವ ನಾಳದಿಂದ ಹುಟ್ಟಿದೆ ಅಂತ. ಅಲ್ಕಾಪಾ ಅನ್ನುತ್ತಾರೆ. ಗರ್ಭದಲ್ಲಿದ್ದಾಗ ಎರಡೂ ಕಡೆ ಒತ್ತಡ ಹೆಚ್ಚುಕಡಿಮೆ ಒಂದೇ, ತೊಂದರೆ ಗೊತ್ತಾಗಲ್ಲ. ಹುಟ್ಟಿದ ಮೇಲೆ ಶ್ವಾಸಕೋಶದ ಕಡೆ ಒತ್ತಡ ಇಳಿಯುತ್ತದೆ. ಆಗ ಹೃದಯದ ಸ್ನಾಯುವಿಗೆ ಸಿಗಬೇಕಾದ ರಕ್ತ ಹಿಂದಕ್ಕೆ ಹರಿದು ಅತ್ತ ಸೋರುತ್ತದೆ. ಸುಮಾರು 3 ಲಕ್ಷ ಹೆರಿಗೆಗೆ ಒಂದು ಕೂಸಿಗೆ ಹೀಗಾಗುತ್ತದಂತೆ. ಬೀಗರಿಗೆಲ್ಲ ಇದನ್ನ ಬಿಡಿಸಿ ಹೇಳಿ ಹೇಳಿ ಸಾಕಾಗಿದೆ. "ಹೃದಯದಾಗ ತೂತ ಇತ್ತಂತಲ್ಲ" ಅಂದರೆ ಈಗ ಹೂಂ ಅಂದುಬಿಡುತ್ತೇನೆ. ತೂತು ಇರಲೇ ಇಲ್ಲ.

ಆಪರೇಶನ್‌ನಲ್ಲಿ ನಾಳ ಬಿಡಿಸಿ ಮಹಾಪಧಮನಿಗೆ ಹೊಲಿದರು. ವರ್ಷಾ ವರ್ಷಾ ಎಕೋ ಚೆನ್ನಾಗಿಯೇ ಬರುತ್ತಿತ್ತು, ಮುಗೀತು ಅಂದುಕೊಂಡಿದ್ದೆ. ಹೋದ ತಿಂಗಳು ಮಹಡಿ ಹತ್ತಿ ಬಂದವಳು "ಅವ್ವಾ, ಎದಿ ಒಮ್ಮೆ ಜಿಗದಂಗ ಆತು" ಅಂದಳು. ಇಸಿಜಿಯಲ್ಲಿ ಹೃದಯದ ಕೆಳಗಿನ ಕೋಣೆಯಿಂದ ಹೆಚ್ಚುವರಿ ಬಡಿತಗಳು ಕಂಡವು. ಕೂಸಿದ್ದಾಗ ರಕ್ತವಿಲ್ಲದೆ ಸೊರಗಿದ ಸ್ನಾಯು ಕಲೆಗಟ್ಟಿರುತ್ತದೆ, ಬಡಿತದ ಕರೆಂಟು ಅಲ್ಲಿ ನೇರ ದಾಟಲಾರದೆ ಸುತ್ತು ಹೊಡೆಯುತ್ತದೆ ಅಂದರು ಡಾಕ್ಟರು. ಒಂದೊಂದು ಬಡಿತ ಗಟ್ಟಿಮುಟ್ಟಾದವರಲ್ಲೂ ಇರುತ್ತದೆ. ಮೂರೋ ಹೆಚ್ಚೋ ಸಾಲಾಗಿ ಬಂದರೆ, ಓಡುವಾಗ ಕಣ್ಣು ಕತ್ತಲಾಗಿ ಬಿದ್ದರೆ ಮಾತು ಬೇರೆ. ಹೊಲಿದ ಜಾಗ ಕಿರಿದಾಗಿದೆಯೋ ನೋಡಲು ಸಿಟಿ ಸ್ಕ್ಯಾನ್ ಕೂಡ ಆಗಬೇಕು.

ಹೋಲ್ಟರ್ ಹಚ್ಚಿದ ಹುಡುಗ ಒಂದು ಹಾಳೆ ಕೊಟ್ಟ. ಯಾವ ಹೊತ್ತಿಗೆ ಏನು ಮಾಡಿದೆ, ಎದೆ ಹೇಗಾಯಿತು, ಬರೆಯಬೇಕು. "ದಿನಾ ಏನ್ ಮಾಡ್ತಿ ಅದನ್ನ ಮಾಡವಾ, ಮಲ್ಕೊಂಡ ಇರಬ್ಯಾಡ" ಅಂದ. ಜೋಕಾಲಿ? ಡಾಕ್ಟರನ್ನೇ ಕೇಳಿಬಿಟ್ಟಳು ಹುಡುಗಿ. ಕೂತು ಆಡಲಿ, ನಿಂತು ಜೀಕುವುದು ಬೇಡ ಅಂದರು.

ಸಂಜೆ ಬೇವಿನ ಗಿಡದ ಜೋಕಾಲಿಯಲ್ಲಿ ಕೂತಳು. ಕೊರಳಲ್ಲಿ ಚೀಲ, ಅಂಗಿಯೊಳಗೆ ವೈರು. ಓಣಿ ಹುಡುಗಿಯರು ದೂಡಿದರು. ನಾನು ಅಳ್ಳಿಟ್ಟಿನ ಕೈಯಲ್ಲೇ ಅಂಗಳಕ್ಕೆ ಬಂದು ನಿಂತಿದ್ದೆ.

ರಾತ್ರಿ ಅವಳು ಮಲಗಿದ ಮೇಲೆ ಹಾಳೆ ತೆಗೆದು ಓದಿದೆ. "4:40 ಜೋಕಾಲಿ. ನನಗೇನೂ ಆಗಿಲ್ಲ. ಅವ್ವ ಎರಡು ಸಲ ಚೀರಿದಳು."