ಕಳಿಸದೇ ಬಂದ ತಂಡ
ನಿದ್ದೆ ಬರದೆ ಸುಮ್ನೆ ಹಳೆಯ ಫುಟ್‌ಬಾಲ್ ಸ್ಕೋರುಗಳನ್ನು ನೋಡುತ್ತಾ ಕೂತಿದ್ದೆ. 2010ರ ಸೆಪ್ಟೆಂಬರ್ 7, ಸ್ನೇಹಪರ ಪಂದ್ಯ. ಬಹ್ರೇನ್ 3, ಟೋಗೊ 0. ಇದರಲ್ಲೇನು ವಿಶೇಷ ಅಂತೀರಾ? ಟೋಗೊ ದೇಶ ಆ ಪಂದ್ಯಕ್ಕೆ ತಂಡವನ್ನೇ ಕಳಿಸಿರಲಿಲ್ಲ!

ಬಂದು ಆಡಿದ್ದು ನಕಲಿ ತಂಡ. ಇವರಿಗೆ 90 ನಿಮಿಷ ಆಡುವಷ್ಟು ದಮ್ಮೇ ಇಲ್ಲವಲ್ಲ ಎಂದು ಬಹ್ರೇನಿನ ಕೋಚ್‌ಗೇ ಬೇಜಾರಾಗಿತ್ತಂತೆ. ಕೊನೆಗೆ ಆ ತಂಡವನ್ನು ಕರೆದೊಯ್ದಿದ್ದ ಟೋಗೊದ ಮಾಜಿ ಕೋಚ್ ಒಬ್ಬರಿಗೆ ಮೂರು ವರ್ಷ ನಿಷೇಧ ಬಿತ್ತು. 2006ರಲ್ಲಿ ವಿಶ್ವಕಪ್ ಆಡಿದ ದೇಶ ಅದು, ಪಾಪ.

ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಆ ಹುಡುಗರು. ಮನೆಗೆ ಹೋಗಿ ಏನು ಹೇಳಿರಬಹುದು? 'ದೇಶಕ್ಕೆ ಆಡಿ ಬಂದೆ' ಅಂತಲೇ? ದೇಶ ಸುಳ್ಳಾದರೂ ಗೋಲ್‌ಕೀಪರ್ ತಿಂದ ಆ ಮೂರು ಗೋಲು ನಿಜವೇ ಅಲ್ವಾ.