‘ಕುಡಿತ ಬಿಡಿಸೋ ಗುಂಪು ಎಲ್ಲಿದೆ?’ ಎಂದು ಕೇಳುವವರಿಗೆ

ಪ್ರಶ್ನೆ ಪ್ರತಿ ಸಲವೂ ಹೆಚ್ಚುಕಡಿಮೆ ಹೀಗೇ ಬರುತ್ತದೆ: ‘ನಮ್ಮ ಪರಿಚಯದವರೊಬ್ಬರು ಜಾಸ್ತಿ ಕುಡೀತಾರೆ. ಹತ್ತಿರದಲ್ಲಿ ಕುಡಿತ ಬಿಡಿಸೋ ಗುಂಪು ಎಲ್ಲಿದೆ? ಫೀಸ್ ಎಷ್ಟು? ಎಷ್ಟು ದಿನದಲ್ಲಿ ಬಿಡಿಸ್ತಾರೆ?’ ಆ ಪರಿಚಯದವರು ಯಾರೆಂದು ನಾನು ವಿಚಾರಿಸುವುದಿಲ್ಲ. ಎಷ್ಟೋ ಸಲ ಅವರು ಕನ್ನಡಿಯಲ್ಲಿ ಪರಿಚಯವಾದವರೇ.

ನನ್ನ ತಕರಾರು ‘ಬಿಡಿಸೋ’ ಎಂಬ ಮಾತಿನ ಮೇಲೆ. ಗಂಟು ಬಿಡಿಸಬಹುದು, ಒಗಟು ಬಿಡಿಸಬಹುದು, ಲೆಕ್ಕ ಬಿಡಿಸಬಹುದು. ಗುಂಪು ಯಾರಿಗೂ ಕುಡಿತ ಬಿಡಿಸುವುದಿಲ್ಲ. ಕುಡಿತ ನಿಲ್ಲಿಸಬೇಕೆಂದವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದದ್ದೇ ತಮಾಷೆಯಾಗಿ. ಕೆಲವು ತಿಂಗಳಿಂದ ಕುಡಿಯದೇ ಇದ್ದ ಷೇರುಪೇಟೆಯವನೊಬ್ಬ, ಇನ್ನೇನು ಕುಡಿದುಬಿಡುತ್ತೇನೆಂಬ ಭಯದಲ್ಲಿ, ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿಕೊಂಡು ಹೋದ. ಸಿಕ್ಕವನು ಒಬ್ಬ ಸರ್ಜನ್. ಹೋದವನ ಉದ್ದೇಶ ತನ್ನನ್ನು ಉಳಿಸಿಕೊಳ್ಳುವುದು. ಇವತ್ತಿಗೂ ಗುಂಪು ನಡೆಯುವುದು ಹಾಗೆಯೇ.

ಫೀಸ್ ಇಲ್ಲ. ಅರ್ಜಿ ಇಲ್ಲ. ಕುಡಿತ ನಿಲ್ಲಿಸಬೇಕೆಂಬ ಆಸೆ ಇದ್ದರೆ ಸದಸ್ಯರಾದಿರಿ. ಮೀಟಿಂಗಿನಲ್ಲಿ ದುಡ್ಡು ಹಾಕುವ ಚೀಲವೋ ಡಬ್ಬಿಯೋ ಕೈಯಿಂದ ಕೈಗೆ ಬರುತ್ತದೆ; ಹಾಕದೆ ಮುಂದೆ ದಾಟಿಸಿದರೆ ಯಾರೂ ಮುಖ ನೋಡುವುದಿಲ್ಲ. ಹೊರಗಿನವರ ದೇಣಿಗೆಯನ್ನು ಅವರು ತೆಗೆದುಕೊಳ್ಳುವುದೇ ಇಲ್ಲ.

ಹುಡುಕುವುದು ಸುಲಭ, ಆದರೆ ಪಟ್ಟಿಯನ್ನು ನಂಬಿ ಹೊರಡಬೇಡಿ. ಎ.ಎ. ಜಾಲತಾಣದಲ್ಲಿ ಮೀಟಿಂಗ್‌ಗಳ ಸ್ಥಳ, ಸಮಯ ಇರುತ್ತದೆ. ಎರವಲು ಅಥವಾ ಬಾಡಿಗೆ ಕೋಣೆಗಳಾದ್ದರಿಂದ ಜಾಗ ಬದಲಾಗಿರುತ್ತದೆ, ಪಟ್ಟಿ ಬದಲಾಗಿರುವುದಿಲ್ಲ. ಸಹಾಯವಾಣಿಗೆ ಅದೇ ದಿನ ಫೋನ್ ಮಾಡಿ ಕೇಳಿ: ಇವತ್ತು ಮೀಟಿಂಗ್ ಇದೆಯೇ, ಯಾವ ಭಾಷೆಯಲ್ಲಿ, ಯಾವ ಬಾಗಿಲು, ಓಪನ್ನೋ ಕ್ಲೋಸ್ಡೋ. ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಮೀಟಿಂಗು ಕುಡಿತ ನಿಲ್ಲಿಸಬೇಕೆಂದಿರುವವರಿಗೆ ಮಾತ್ರ. ಗಂಡನನ್ನು ಕರೆತಂದ ಹೆಂಡತಿಗೆ ಅಲ್ಲಿ ಕುರ್ಚಿಯಿಲ್ಲ. ಫೋನ್ ಎತ್ತುವವರು ಬಹುತೇಕ ಸ್ವಯಂಸೇವಕರು. ಹಗಲು ಸಿಗದಿದ್ದರೆ ಸಂಜೆ ಮತ್ತೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಕೇಳುವುದಿಲ್ಲ. ದಿನಾ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು, ‘ಬಿಟ್ಟೇ ಹೋಗೋಣ’ ಎಂದು ಮರ್ಯಾದೆಗೆ ಮೀಟಿಂಗಿನ ಹಿಂದಿನ ದಿನ ಏಕಾಏಕಿ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಶುರುವಾಗಬಹುದು; ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು; ಎರಡು ಮೂರು ದಿನ ಕಳೆದ ಮೇಲೆ ಬುದ್ಧಿಭ್ರಮಣೆಯಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಮೊದಲು ವೈದ್ಯರು. ಗುಂಪು ಆಸ್ಪತ್ರೆಯಲ್ಲ. ಅಲ್ಲಿ ಯಾರಾದರೂ ‘ಮಾತ್ರೆ ಯಾಕೆ, ನಿಲ್ಲಿಸಿ’ ಎಂದರೆ ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡಿ. ಇನ್ನೂ ಬಿಡದವರೂ ಹೋಗಬಹುದು. ಕುಡಿದು ಬಂದಿದ್ದರೆ ಮಾತಾಡದೆ ಕೇಳುತ್ತ ಕೂರಿ ಎನ್ನುತ್ತಾರೆ ಹಲವು ಗುಂಪುಗಳಲ್ಲಿ.

ಹತ್ತು ನಿಮಿಷ ಮುಂಚೆ ಹೋಗಿ. ಬೋರ್ಡು ಇಲ್ಲದಿರಬಹುದು. ‘ಕುಡುಕರ ಸಭೆ ಎಲ್ಲಿ?’ ಎಂದು ಗೇಟಿನಲ್ಲಿ ಕೂಗಬೇಡಿ, ‘ಎ.ಎ. ಮೀಟಿಂಗ್’ ಎಂದರೆ ಸಾಕು. ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಒಬ್ಬರು ಏನೋ ಓದುತ್ತಾರೆ, ಆಮೇಲೆ ಒಬ್ಬೊಬ್ಬರೇ ತಮ್ಮ ವಿಷಯ ಹೇಳುತ್ತಾರೆ. ನಡುವೆ ಬಾಯಿ ಹಾಕುವುದು, ಬುದ್ಧಿ ಹೇಳುವುದು ಇಲ್ಲ. ಇಷ್ಟು ದಿನ ಬುದ್ಧಿಮಾತು ಕೇಳಿಯೇ ಸುಸ್ತಾದವರಿಗೆ ಇದೇ ದೊಡ್ಡ ವಿಶ್ರಾಂತಿ. ನಿಮ್ಮ ಸರದಿ ಬಂದಾಗ ಹೆಸರಷ್ಟೇ ಹೇಳಿ, ‘ಇವತ್ತು ಕೇಳಿಸ್ಕೊಳ್ತೀನಿ’ ಎಂದರೆ ಆಯಿತು. ಹೊರಡುವ ಮುನ್ನ ಇಬ್ಬರು ಮೂವರ ಫೋನ್ ನಂಬರ್ ತೆಗೆದುಕೊಳ್ಳಿ. ಚಪಲ ಬರುವುದು ಮೀಟಿಂಗ್ ಇಲ್ಲದ ಹೊತ್ತಿನಲ್ಲೇ.

ಎ.ಎ.ಯಲ್ಲಿ ದೇವರ ಮಾತು ಬರುತ್ತದೆ, ನಿಜ. ಅದು ಸಹಿಸದಿದ್ದರೆ 1994ರಿಂದ ಸ್ಮಾರ್ಟ್ ರಿಕವರಿ ಎಂಬ ಬೇರೆ ಬಗೆಯ ಗುಂಪು ಇದೆ: ಮನಃಶಾಸ್ತ್ರದ ಅಭ್ಯಾಸಗಳು, ತರಬೇತಿ ಪಡೆದ ನಿರ್ವಾಹಕರು, ಪರಸ್ಪರ ಚರ್ಚೆಗೂ ಅವಕಾಶ. ಆನ್‌ಲೈನಿನಲ್ಲೂ ಸಿಗುತ್ತದೆ.

ಕೆಡುವುದು ಎಲ್ಲಿ ಗೊತ್ತೇ? ಒಂದೇ ಮೀಟಿಂಗಿಗೆ ಹೋಗಿ ‘ನಮಗೆ ಸರಿಹೋಗಲಿಲ್ಲ’ ಎನ್ನುವುದರಲ್ಲಿ. ಗುಂಪಿನಿಂದ ಗುಂಪಿಗೆ ಸ್ವಭಾವ ಬೇರೆ. ಐದಾರು ಕಡೆ ಕೂತು ನೋಡಿ. ಮೊದಲ ವಾರಗಳಲ್ಲಿ ವಾರಕ್ಕೊಮ್ಮೆ ಸಾಲದು. 90 ದಿನಕ್ಕೆ 90 ಮೀಟಿಂಗ್ ಎಂಬ ರೂಢಿ ಹುಟ್ಟಿದ್ದು ಸುಮ್ಮನೆ ಅಲ್ಲ. ಇನ್ನೊಂದು, ನಡುವೆ ಒಮ್ಮೆ ಕುಡಿದುಬಿಟ್ಟು ನಾಚಿಕೆಗೆ ತಿರುಗಿ ಹೋಗದಿರುವುದು. ಹಾಗೆ ತಿರುಗಿ ಬಂದವರಿಂದಲೇ ಅರ್ಧ ಕೋಣೆ ತುಂಬಿರುತ್ತದೆ, ಸ್ವಾಮಿ.

ಮನೆಯವರು ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ: ‘ಅವರನ್ನು ಎಲ್ಲಿಗೆ ಕಳಿಸಲಿ’ ಅಲ್ಲ, ‘ನಾನೆಲ್ಲಿಗೆ ಹೋಗಲಿ?’ ಇದಕ್ಕೆ ಉತ್ತರ 1951ರಿಂದಲೂ ಇದೆ: ಅಲ್-ಅನಾನ್, ಕುಡಿಯುವವರ ಮನೆಯವರ, ಸ್ನೇಹಿತರ ಗುಂಪು. ಹದಿಹರೆಯದ ಮಕ್ಕಳಿಗೆ ಅದರದೇ ಅಲಟೀನ್. ಅಲ್ಲೂ ‘ಬಿಡಿಸುವ’ ಉಪಾಯ ಹೇಳಿಕೊಡುವುದಿಲ್ಲ. ಆಫೀಸಿಗೆ ‘ಜ್ವರ’ ಎಂದು ನೀವು ಫೋನ್ ಮಾಡುವುದು, ಅವರ ಸಾಲ ನೀವು ತೀರಿಸುವುದು, ಬಾಟಲಿ ಹುಡುಕಿ ಬಚ್ಚಲಿಗೆ ಸುರಿಯುವುದು, ಇವನ್ನೆಲ್ಲ ನೀವು ಬಿಡುವುದು ಹೇಗೆಂಬ ಮಾತು ಬರುತ್ತದೆ. ಅವರು ಬಿಡಲಿ, ಬಿಡದಿರಲಿ; ನೀವು ಹೋಗುವುದು ಅವರಿಗೆ ತಿಳಿಯಲೇಬೇಕೆಂದೂ ಇಲ್ಲ. ಅದೇ ದಿನ ಫೋನ್ ಮಾಡಿ, ಯಾವ ಬಾಗಿಲು ಎಂದು ಕೇಳಿಕೊಂಡು ಹೊರಡಿ.