ಹಿತ್ತಿಲಿನ ಬಪ್ಪಂಗಾಯಿ: ಹತ್ತೊಂಬತ್ತನೇ ವಾರ

ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆಗೆ, ಕಟಪಾಡಿಯ ನಮ್ಮ ಹಿತ್ತಿಲಿನಲ್ಲಿ ಎಂಟು ಬಪ್ಪಂಗಾಯಿ (ಪಪ್ಪಾಯಿ) ಗಿಡ ನೆಟ್ಟಿದ್ದೆ. ಐದು ಕೀಟ ತಡೆಯುವ ಬಲೆಯೊಳಗೆ, ಮೂರು ಬಯಲಿನಲ್ಲಿ.

ಇವತ್ತು ಬೆಳಿಗ್ಗೆ ಬಯಲಿನ ಗಿಡವೊಂದರ ಎಲೆತೊಟ್ಟಿನಲ್ಲಿ ಎಣ್ಣೆ ಸವರಿದಂತಹ ಕಡುಹಸುರು ಗೆರೆಗಳು ಕಂಡವು. ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ. ಸುಳಿಯ ಎಲೆ ಆಗಲೇ ಹಳದಿ ಹಸುರು ಬೆರೆತು ಮುದುಡಿತ್ತು. ಉಂಗುರ ಚುಕ್ಕೆ ವೈರಸ್. ಕಳೆದ ವರ್ಷ ಇದನ್ನು ಗೊಬ್ಬರದ ಕೊರತೆ ಎಂದು ಭಾವಿಸಿ ಮೂರು ವಾರ ಬಿಟ್ಟಿದ್ದೆ, ಇದ್ದ ಹನ್ನೊಂದು ಗಿಡಗಳೂ ಹೋದವು. ಈ ಸಲ ಕೂಡಲೇ ಕಿತ್ತು ಸುಟ್ಟೆ. ಮಿಡಿ ಕಟ್ಟಿದ್ದ ಗಿಡ, ಹೊಟ್ಟೆ ಉರಿಯಿತು.

ಮದ್ದು ಹೊಡೆದು ಪ್ರಯೋಜನವಿಲ್ಲ. ವೈರಸ್ ತರುವ ಗಿಡಹೇನು ಬಪ್ಪಂಗಾಯಿಯಲ್ಲಿ ಸಂಸಾರ ಹೂಡುವುದಿಲ್ಲ. ಬಂದು ಕೂತು, ಕೆಲವೇ ಕ್ಷಣ ಚುಚ್ಚಿ ರುಚಿ ನೋಡಿ ಹಾರುತ್ತದೆ. ಅಷ್ಟರಲ್ಲಿ ರೋಗ ದಾಟಿರುತ್ತದೆ, ಹೇನು ಸಾಯುವುದು ಆಮೇಲೆ.

ಹಾಗಾಗಿಯೇ ಹವಾಯಿಯ ಕತೆ ನನ್ನನ್ನು ಬಿಡುವುದಿಲ್ಲ. 1992ರಲ್ಲಿ ಅಲ್ಲಿನ ಪಪ್ಪಾಯಿಯ ಕಣಜವಾದ ಪೂನಾ ಜಿಲ್ಲೆಗೆ ಇದೇ ವೈರಸ್ ನುಗ್ಗಿತು. ಸಸ್ಯರೋಗ ವಿಜ್ಞಾನಿ ಡೆನ್ನಿಸ್ ಗೊನ್ಸಾಲ್ವಿಸ್ ಅವರ ತಂಡ ವೈರಸ್ಸಿನದೇ ಹೊದಿಕೆ ಪ್ರೋಟೀನಿನ ಜೀನನ್ನು ಜೀನ್ ಗನ್ನಿನಿಂದ (ಜೀನ್ ಸವರಿದ ಲೋಹದ ಕಣಗಳನ್ನು ಚಿಮ್ಮುವ ಯಂತ್ರ) ಗಿಡದ ಜೀವಕೋಶಗಳಿಗೆ ಸೇರಿಸಿತ್ತು. 1998ರಲ್ಲಿ 'ರೇನ್‌ಬೋ' ತಳಿಯ ಬೀಜ ರೈತರ ಕೈಸೇರಿತು. ಆ ಜೀನಿನ ನಕಲಾಗಿ ಹುಟ್ಟುವ ಆರ್‌ಎನ್‌ಎಯನ್ನು ಗಿಡ ಕತ್ತರಿಸಿ ಹಾಕಲು ಕಲಿಯುತ್ತದೆ. ಮುಂದೆ ಅದೇ ಅಕ್ಷರಗಳನ್ನು, ಅಂದರೆ ಅದೇ ಆನುವಂಶಿಕ ಸಂಕೇತವನ್ನು, ಹೊತ್ತ ವೈರಸ್ ಒಳಬಂದರೆ ಅದಕ್ಕೂ ಅದೇ ಗತಿ.

ಸ್ನೇಹಿತರೊಬ್ಬರು "ಆ ಬೀಜವನ್ನೇ ತರಿಸಿಬಿಡಿ" ಎಂದರು. ಖಂಡಿತ ತರಿಸುವುದಿಲ್ಲ. ಇಲ್ಲಿ ಅದನ್ನು ಬೆಳೆಯಲು ಅನುಮತಿಯಿಲ್ಲ ಎಂಬುದು ಒಂದು. ಇನ್ನೊಂದು, ರೇನ್‌ಬೋ ಮಿಶ್ರತಳಿ, ಅದರಲ್ಲಿರುವುದು ಆ ಜೀನಿನ ಒಂದೇ ಪ್ರತಿ, ಹಾಗಾಗಿ ಅದರ ತಡೆಗೆ ಮಿತಿಯಿದೆ. ಹವಾಯಿಯ ವೈರಸ್ಸಿಗೆ ಎದೆಯೊಡ್ಡುವ ಅದು ಬೇರೆ ದೇಶಗಳ ವೈರಸ್ಸಿಗೆ ಮಣಿದದ್ದು ಪ್ರಯೋಗಗಳಲ್ಲೇ ಕಂಡಿದೆ. ಅಕ್ಷರ ಹೊಂದದಿದ್ದರೆ ಕತ್ತರಿ ಆಡುವುದಿಲ್ಲ. ನಮಗೆ ಬೇಕಾದದ್ದು ನಮ್ಮ ನೆಲದ ವೈರಸ್ಸಿನಿಂದಲೇ ತೆಗೆದ ಜೀನು, ಅದೂ ನಿಯಮದ ಪ್ರಕಾರ ಪರೀಕ್ಷೆಯಾಗಿ ಬಂದದ್ದು. ಅದಕ್ಕಾಗಿ ನಾನು ಆಸೆಯಿಂದ ಕಾಯುತ್ತಿದ್ದೇನೆ.

ಅಲ್ಲಿಯವರೆಗೆ ಬಲೆಯೇ ಗತಿ. ಒಳಗಿನ ಐದೂ ಗಿಡ ಸ್ವಚ್ಛವಾಗಿವೆ, ತೊಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಪೂರ್ವದ ಮೂಲೆಯಲ್ಲಿ ಬಲೆ ಬೆರಳಗಲ ಹರಿದಿತ್ತು, ಹೊಲಿದೆ. ಈ ವೈರಸ್ ಸೌತೆ ಜಾತಿಯಲ್ಲೂ ಉಳಿಯುವುದರಿಂದ ಬೇಲಿಯ ಮುಳ್ಳುಸೌತೆ ಬಳ್ಳಿಯನ್ನು ತೆಗೆದೆ. ನಾಳೆ ಬಯಲಿನ ಎರಡು ಗಿಡಗಳ ಸುತ್ತ ಜೋಳ ಬಿತ್ತುತ್ತೇನೆ. ಹೇನು ಮೊದಲು ಅಲ್ಲಿ ಕೂತು ಚುಚ್ಚಿದರೆ ಬಾಯಲ್ಲಿದ್ದ ವೈರಸ್ ಅಲ್ಲೇ ಕಳೆಯುತ್ತದೆ.